ಸ್ವತಂತ್ರ ಜೂನಿಯರ್ ಐಸ್ ಹಾಕಿ ಲೀಗ್‌ನಲ್ಲಿ ಒಂದು ಸೀಸನ್: ಸೆಪ್ಟೆಂಬರ್ 30ರ ನಿಯಮ ಎಷ್ಟು ಗಂಭೀರ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಒಂಟಾರಿಯೊದಲ್ಲಿ ಹುಟ್ಟಿ ಬೆಳೆದ ನನ್ನ ಅಕ್ಕನ ಮಗನಿಗೆ ಈಗ 17 ವರ್ಷ. ಅವನು ಗೋಲ್‌ಕೀಪರ್. ಬ್ರಿಟಿಷ್ ಕೊಲಂಬಿಯಾ ಹಾಕಿ ಲೀಗ್‌ನ, ಅಂದರೆ ಬಿಸಿಎಚ್‌ಎಲ್‌ನ ತಂಡವೊಂದು ಅವನನ್ನು ಆಯ್ಕೆ ಶಿಬಿರಕ್ಕೆ ಕರೆದಿದೆ. ಆ ಲೀಗ್ ದೇಶದ ಆಟವನ್ನು ನಿಯಂತ್ರಿಸುವ ಸಂಸ್ಥೆಯಾದ ಹಾಕಿ ಕೆನಡಾದ ಅಧೀನದಲ್ಲಿಲ್ಲ, ಆದ್ದರಿಂದ ಯೋಚಿಸಿ ಹೆಜ್ಜೆಯಿಡಿ ಎಂದು ಅವನ ಈಗಿನ ತರಬೇತುದಾರರು ಹೇಳಿದ್ದಾರೆ. ಹುಡುಗನಿಗಾದರೋ ಕರೆ ಬಂದ ದಿನದಿಂದ ಬೇರೆ ಮಾತೇ ಇಲ್ಲ. ಅಕ್ಕನಿಗೂ ಭಾವನಿಗೂ ಈ ಆಟದ ಒಳಹೊರಗು ತಿಳಿಯದು. ಲೀಗ್ ಸ್ವತಂತ್ರವಾಗಿದ್ದರೆ ಆಟಗಾರನ ಒಂದು ಸೀಸನ್‌ನಲ್ಲಿ ನಿಜವಾಗಿ ಏನು ಬದಲಾಗುತ್ತದೆ ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಬೇಕು.

ಮೊದಲ ಉತ್ತರ

ನಿಮ್ಮ ಅಕ್ಕನ ಮಗನಿಗೆ ಈ ಕರೆ ಬಂದಿರುವುದೇ ಲೀಗ್ ಸ್ವತಂತ್ರವಾದದ್ದರಿಂದ ಎಂದರೆ ತಪ್ಪಾಗಲಾರದು. 16 ಮತ್ತು 17 ವರ್ಷದ ಆಟಗಾರರು ತಮ್ಮ ಪ್ರಾಂತ್ಯವನ್ನು ಬಿಟ್ಟು ಬೇರೆ ಪ್ರಾಂತ್ಯದ ಜೂನಿಯರ್ ಎ (ಜೂನಿಯರ್ ಹಾಕಿಯಲ್ಲಿ ಅತಿ ಮೇಲಿನ ಹಂತಕ್ಕಿಂತ ಒಂದು ಮೆಟ್ಟಿಲು ಕೆಳಗಿನದು) ತಂಡಕ್ಕೆ ಆಡುವುದಕ್ಕೆ ಹಾಕಿ ಕೆನಡಾ ಹಾಕಿದ್ದ ಕಟ್ಟುಪಾಡು, ಬಿಸಿಎಚ್‌ಎಲ್ ಹೊರನಡೆಯಲು ಕೊಟ್ಟ ಮುಖ್ಯ ಕಾರಣಗಳಲ್ಲಿ ಒಂದಾಗಿತ್ತು. 1961ರಲ್ಲಿ ಒಕನಾಗನ್ ಕಣಿವೆಯ ಸುತ್ತಮುತ್ತ ಪುಟ್ಟದಾಗಿ ಆರಂಭವಾದ ಈ ಲೀಗ್, 2021ರಲ್ಲಿ ಕೆನಡಿಯನ್ ಜೂನಿಯರ್ ಹಾಕಿ ಲೀಗ್ ಎಂಬ ಜೂನಿಯರ್ ಎ ಲೀಗ್‌ಗಳ ಒಕ್ಕೂಟವನ್ನು ತೊರೆದು, 2023ರ ಜೂನ್ ತಿಂಗಳಿಂದ ಹಾಕಿ ಕೆನಡಾದ ಮಾನ್ಯತೆಯನ್ನೂ ಬಿಟ್ಟುಕೊಟ್ಟಿತು.

ಅದಕ್ಕೆ ತೆತ್ತ ಬೆಲೆ ಸಣ್ಣದಲ್ಲ. ಜೂನಿಯರ್ ಎ ಮಟ್ಟದ ರಾಷ್ಟ್ರೀಯ ಪಟ್ಟವಾದ ಸೆಂಟೆನಿಯಲ್ ಕಪ್‌ಗೆ ಈ ತಂಡಗಳು ಸ್ಪರ್ಧಿಸುವಂತಿಲ್ಲ. ಆಲ್ಬರ್ಟಾದ ಬ್ರೂಕ್ಸ್ ಬ್ಯಾಂಡಿಟ್ಸ್ ತಂಡ 2019, 2022 ಮತ್ತು 2023ರಲ್ಲಿ, ಅಂದರೆ ನಡುವೆ ರದ್ದಾದ ಎರಡು ವರ್ಷಗಳನ್ನು ಬಿಟ್ಟರೆ ಸತತವಾಗಿ, ಆ ಕಪ್ ಗೆದ್ದಿತ್ತು. ಅಂಥ ತಂಡವೇ 2024ರ ಜನವರಿಯಲ್ಲಿ ಇನ್ನೂ ನಾಲ್ಕು ಆಲ್ಬರ್ಟಾ ತಂಡಗಳ ಜೊತೆ ಬಿಸಿಎಚ್‌ಎಲ್‌ಗೆ ಬರುವುದಾಗಿ ಘೋಷಿಸಿದಾಗ, ಅವುಗಳ ಹಳೆಯ ಲೀಗ್ ಸೀಸನ್‌ನ ನಡುವೆಯೇ ವೇಳಾಪಟ್ಟಿಯನ್ನು ಬದಲಿಸಬೇಕಾಯಿತು. ಮಕ್ಕಳು ಆಡುವ ಲೀಗ್‌ನಲ್ಲಿ ಇಂಥ ಬದಲಾವಣೆ ಸೀಸನ್ ಮುಗಿದ ಮೇಲೆ ಆಗಬೇಕಿತ್ತೆಂದು ನನಗೆ ಈಗಲೂ ಅನ್ನಿಸುತ್ತದೆ. ಬಿಸಿಎಚ್‌ಎಲ್‌ನ ಪಟ್ಟವಾದ ಫ್ರೆಡ್ ಪೇಜ್ ಕಪ್ ಆ ವರ್ಷ ಸರ್ರೆ ಈಗಲ್ಸ್ ಪಾಲಾಯಿತು.

ಎರಡನೆಯ ಉತ್ತರ

ಮೇಲಿನವರು ಲೀಗ್‌ನ ಕಥೆಯನ್ನು ಸರಿಯಾಗಿಯೇ ಹೇಳಿದ್ದಾರೆ. ಆದರೆ ನಿಮ್ಮ ಮನೆಯವರು ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿಕೊಳ್ಳಬೇಕಾದ ದಿನ ಸೆಪ್ಟೆಂಬರ್ 30. ಹಾಕಿ ಕೆನಡಾದ ಮಾನ್ಯತೆಯಿಲ್ಲದ ಲೀಗ್‌ನಲ್ಲಿ ಆ ದಿನಾಂಕದ ನಂತರವೂ ಆಡಿದ ಹುಡುಗ ಅದೇ ಸೀಸನ್‌ನಲ್ಲಿ ಮಾನ್ಯತೆ ಪಡೆದ ತಂಡಕ್ಕೆ ಮರಳುವಂತಿಲ್ಲ ಎಂಬ ನಿಯಮವನ್ನು ನಾನು ಓದಿ ತಿಳಿದದ್ದಲ್ಲ, 2023-24ರಲ್ಲಿ ನಮ್ಮ ಮನೆಯಲ್ಲೇ ಅನುಭವಿಸಿದ್ದು.

ನನ್ನ ಮಗನೂ ಗೋಲ್‌ಕೀಪರ್. ಪಂದ್ಯವೊಂದಕ್ಕೆ ಅಂಗಳದ ಉಡುಪು ತೊಡುವ ಗೋಲ್‌ಕೀಪರ್‌ಗಳು ಇಬ್ಬರೇ. ಅವರಲ್ಲಿಯೂ ಗೋಲಿನ ಮುಂದೆ ನಿಲ್ಲುವವನು ಒಬ್ಬ. ಸ್ವತಂತ್ರ ಲೀಗ್‌ನ ತಂಡವೊಂದು ಮೂವರನ್ನು ಇಟ್ಟುಕೊಂಡು ಸೀಸನ್ ಆರಂಭಿಸಿತು, ಮೂರನೆಯವನು ನನ್ನ ಮಗ. ವಾರಗಟ್ಟಲೆ ಅಭ್ಯಾಸದಲ್ಲಿ ಇತರರ ಹೊಡೆತಗಳನ್ನು ತಡೆದದ್ದೇ ಅವನ ಕೆಲಸವಾಯಿತು. ಅಕ್ಟೋಬರ್ ನಡುವಿನಲ್ಲಿ ಅವನನ್ನು ಕೈಬಿಟ್ಟರು. ಊರಿನ ಹಳೆಯ ತಂಡಕ್ಕೆ ಅವನನ್ನು ಸೇರಿಸಿಕೊಳ್ಳುವ ಮನಸ್ಸಿದ್ದರೂ ನಿಯಮ ಬಿಡಲಿಲ್ಲ. ಮತ್ತೊಂದು ಸ್ವತಂತ್ರ ಲೀಗ್‌ನಲ್ಲಿ ಸ್ಥಳ ಸಿಗುವವರೆಗೆ ಏಳು ವಾರ ಅವನು ಒಬ್ಬನೇ ಬೆಳಗಿನ ಜಾವ ಮಂಜುಗಡ್ಡೆಯ ಅಂಗಳಕ್ಕೆ ಹೋಗಿ ಬರುತ್ತಿದ್ದುದನ್ನು ನೆನೆದರೆ ಈಗಲೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಬಿಸಿಎಚ್‌ಎಲ್‌ನಲ್ಲಿ ಆಟದ ಮಟ್ಟ ಕಡಿಮೆಯೆಂದು ಯಾರಾದರೂ ಹೇಳಿದರೆ ನಂಬಬೇಡಿ. ಮುಂದೆ ಎನ್‌ಎಚ್‌ಎಲ್ ಎಂಬ ವೃತ್ತಿಪರ ಲೀಗ್‌ನ ತಾರೆಯಾದ ಬ್ರೆಟ್ ಹಲ್ 1983-84ರಲ್ಲಿ ಪೆಂಟಿಕ್ಟನ್ ತಂಡಕ್ಕಾಗಿ 56 ಪಂದ್ಯಗಳಲ್ಲಿ 105 ಗೋಲು ಹೊಡೆದದ್ದು ಇದೇ ಲೀಗ್‌ನಲ್ಲಿ. ನಿಯಮಿತ ಸೀಸನ್‌ಗೆ 54 ಪಂದ್ಯಗಳಿರುತ್ತವೆ, ಪ್ರಿನ್ಸ್ ಜಾರ್ಜ್‌ನಂಥ ಉತ್ತರದ ಊರಿನಿಂದ ವ್ಯಾಂಕೂವರ್ ದ್ವೀಪದವರೆಗೆ ಬಸ್ಸು, ಹಡಗು ಎರಡನ್ನೂ ಹತ್ತಿ ಹೋಗಬೇಕು, ಮನೆಯಿಂದ ದೂರದ ಹುಡುಗರು ಆತಿಥೇಯ ಕುಟುಂಬಗಳ ಜೊತೆ ಇರುತ್ತಾರೆ. ಈ ಕಷ್ಟಗಳು ಮಾನ್ಯತೆಯಿರುವ ಲೀಗ್‌ಗಳಲ್ಲೂ ಇವೆ, ಅವುಗಳಿಗಾಗಿ ಹೆದರಬೇಕಿಲ್ಲ.

ಪ್ರಶ್ನೆ ಕೇಳಿದವರು

ನಿಮ್ಮ ಮಗನ ವಿಷಯ ಓದಿ ಮನಸ್ಸಿಗೆ ನೋವಾಯಿತು, ಆದರೂ ಹಂಚಿಕೊಂಡದ್ದಕ್ಕೆ ಕೃತಜ್ಞ. ಅಮೆರಿಕದ ಕಾಲೇಜು ಹಾಕಿಗೆ ಹೋಗಲು ಇದೇ ಸರಿಯಾದ ದಾರಿಯೆಂದು ಹುಡುಗ ವಾದಿಸುತ್ತಿದ್ದಾನೆ. ಅದು ನಿಜವೇ?

ಮೂರನೆಯ ಉತ್ತರ

ಕೆಲವು ವರ್ಷಗಳ ಹಿಂದೆ ಆ ವಾದಕ್ಕೆ ಹೆಚ್ಚು ಬಲವಿತ್ತು. ಮೇಲಿನ ಹಂತದ ಕೆನಡಿಯನ್ ಹಾಕಿ ಲೀಗ್‌ನಲ್ಲಿ ಆಡಿದವರನ್ನು ಅಮೆರಿಕದ ಕಾಲೇಜು ಕ್ರೀಡೆಗಳ ಸಂಸ್ಥೆಯಾದ ಎನ್‌ಸಿಎಎ ವೃತ್ತಿಪರರೆಂದೇ ಪರಿಗಣಿಸುತ್ತಿದ್ದುದರಿಂದ, ಕಾಲೇಜಿನ ಆಸೆಯಿದ್ದ ಹುಡುಗರು ಬಿಸಿಎಚ್‌ಎಲ್‌ನಂಥ ಜೂನಿಯರ್ ಎ ಲೀಗ್‌ಗಳನ್ನು ಆರಿಸಿಕೊಳ್ಳುತ್ತಿದ್ದರು. 2024ರ ನವೆಂಬರ್‌ನಲ್ಲಿ ಎನ್‌ಸಿಎಎ ಆ ನಿರ್ಬಂಧವನ್ನು ತೆಗೆಯಲು ತೀರ್ಮಾನಿಸಿತು, 2025ರ ಆಗಸ್ಟ್ 1ರಿಂದ ಅದು ಜಾರಿಗೆ ಬಂದಿತು. ಬಿಸಿಎಚ್‌ಎಲ್‌ನ ಕಿರೀಟದಂತಿದ್ದ ಪೆಂಟಿಕ್ಟನ್ ವೀಸ್ ತಂಡವೇ 2025-26ರಿಂದ ಕೆನಡಿಯನ್ ಹಾಕಿ ಲೀಗ್‌ನ ಭಾಗವಾದ ವೆಸ್ಟರ್ನ್ ಹಾಕಿ ಲೀಗ್‌ಗೆ ಹೋಗಿದೆ. ಕಾಲೇಜಿಗೆ ಬಿಸಿಎಚ್‌ಎಲ್ ಇಂದಿಗೂ ಒಳ್ಳೆಯ ದಾರಿಯೇ ಹೌದು, ಆದರೆ ಅದೊಂದೇ ದಾರಿಯೆಂಬ ಕಾಲ ಮುಗಿಯಿತು.

ಆದ್ದರಿಂದ ಶಿಬಿರಕ್ಕೆ ಹೊರಡುವ ಮುನ್ನ ತಂಡದವರಿಗೆ ಬರೆದು, ಎಷ್ಟು ಗೋಲ್‌ಕೀಪರ್‌ಗಳನ್ನು ಉಳಿಸಿಕೊಳ್ಳುತ್ತಾರೆ, ಅಂತಿಮ ಪಟ್ಟಿಯನ್ನು ಸೆಪ್ಟೆಂಬರ್ 30ಕ್ಕಿಂತ ಮೊದಲು ತಿಳಿಸುತ್ತಾರೆಯೇ, ಗಾಯವಾದರೆ ವಿಮೆ ಯಾರದು ಎಂಬುದಕ್ಕೆ ಲಿಖಿತ ಉತ್ತರ ಪಡೆಯಿರಿ. ಹಾಕಿ ಕೆನಡಾದ ಆ ವರ್ಷದ ನಿಯಮವನ್ನು ಒಂಟಾರಿಯೊದ ಹಾಕಿ ಸಂಸ್ಥೆಯಿಂದಲೇ ಖಚಿತಪಡಿಸಿಕೊಳ್ಳಿ.

ಪ್ರಶ್ನೆ ಕೇಳಿದವರು

ಭಾವ ಇಂದು ರಾತ್ರಿಯೇ ತಂಡಕ್ಕೆ ಪತ್ರ ಬರೆಯುತ್ತಿದ್ದಾರೆ. ಮೂವರು ಗೋಲ್‌ಕೀಪರ್‌ಗಳೆಂಬ ಉತ್ತರ ಬಂದರೆ ಈ ವರ್ಷ ಒಂಟಾರಿಯೊದಲ್ಲಿಯೇ ಆಡುವುದಾಗಿ ಹುಡುಗ, ತುಸು ಮುಖ ಬಾಡಿದರೂ, ಒಪ್ಪಿಕೊಂಡಿದ್ದಾನೆ.