ಕೆನಡಾದಿಂದ ಜಪಾನಿಗೆ ಕುದುರೆ ಕಳಿಸೋದು ನಿಂತಿದೆಯಾ, ಇಲ್ವಾ?

ಕ್ಯಾಲ್ಗರಿ ಅಕ್ಕ:
ಎಲ್ಲರಿಗೂ ನಮಸ್ಕಾರ. ನಮ್ಮದು ಚಿಕ್ಕಮಗಳೂರು, ಈಗ ಇರೋದು ಆಲ್ಬರ್ಟಾದಲ್ಲಿ. ಮಗಳು ಊರಾಚೆ ಒಂದು ಲಾಯದಲ್ಲಿ ಕುದುರೆ ಸವಾರಿ ಕಲಿಯುತ್ತಿದ್ದಾಳೆ. ಅಲ್ಲೊಂದು ಪರ್ಶೆರಾನ್ ಜಾತಿಯ ಹೆಣ್ಣು ಕುದುರೆ ಇದೆ. ಬೂದು ಬಣ್ಣ, ಗೊರಸು ಊಟದ ತಟ್ಟೆಯಷ್ಟು ಅಗಲ. ಅಷ್ಟು ದೊಡ್ಡ ಪ್ರಾಣಿ, ಮಗಳ ಕೈಯಿಂದ ಸೇಬಿನ ಹೋಳನ್ನು ಬರೀ ತುಟಿಯಲ್ಲೇ ಎತ್ತಿಕೊಳ್ಳುತ್ತದೆ.

ಅದು ಮಾಂಸದ ವ್ಯಾಪಾರಿಯ ಪಾಲಾಗಬೇಕಿತ್ತಂತೆ. ಲಾಯದ ಯಜಮಾನಿ ಹರಾಜಿನಲ್ಲಿ ಜಾಸ್ತಿ ದುಡ್ಡು ಕೊಟ್ಟು ಬಿಡಿಸಿಕೊಂಡು ಬಂದಿದ್ದಾರೆ. "ಅದರ ಜೊತೆ ಇದ್ದವು ಎಲ್ಲಿ ಹೋದವು?" ಅಂತ ಮಗಳು ಕೇಳಿದಳು. "ಜಪಾನಿಗೆ, ವಿಮಾನದಲ್ಲಿ" ಅಂದರು. ಅವತ್ತಿಂದ ನನಗೆ ಸಮಾಧಾನವಿಲ್ಲ.

ಆಫೀಸಿನಲ್ಲಿ ಕೇಳಿದರೆ ಒಬ್ಬರು "ಅದಕ್ಕೆ 2024ರಲ್ಲೇ ಕಾನೂನು ಬಂತಲ್ಲ" ಅನ್ನುತ್ತಾರೆ. ಇನ್ನೊಬ್ಬರು "ಏನೂ ಬಂದಿಲ್ಲ" ಅನ್ನುತ್ತಾರೆ. ಯಾವುದು ನಿಜ? ನಾನಿನ್ನೂ ಪಿಆರ್ (ಕಾಯಂ ವಾಸಿ, ಪೌರತ್ವ ಇಲ್ಲ), ಇಲ್ಲಿ ಮತ ಹಾಕುವ ಹಕ್ಕಿಲ್ಲ. ನನ್ನಂಥವರು ಏನಾದರೂ ಮಾಡಬಹುದಾ?

ಒಟ್ಟಾವಾ ರಾಯರು:
ಅಕ್ಕ, ಇಬ್ಬರು ಹೇಳಿದ್ದರಲ್ಲೂ ಅರ್ಧರ್ಧ ನಿಜ ಇದೆ.

2021ರ ಚುನಾವಣೆಯಲ್ಲಿ ಲಿಬರಲ್ ಪಕ್ಷ ಇದನ್ನು ನಿಲ್ಲಿಸುತ್ತೇವೆ ಅಂತ ಮಾತು ಕೊಟ್ಟಿತ್ತು. ಗೆದ್ದ ಮೇಲೆ ಪ್ರಧಾನಿ ಕೃಷಿ ಸಚಿವರಿಗೆ ಕೊಟ್ಟ ಕೆಲಸದ ಪತ್ರದಲ್ಲೂ ಅದನ್ನು ಬರೆದರು. ಆಮೇಲೆ ಸರ್ಕಾರ ಸುಮ್ಮನೆ ಕೂತಿತು. ಕೊನೆಗೆ 2023ರ ಸೆಪ್ಟೆಂಬರಿನಲ್ಲಿ ಟಿಮ್ ಲೂಯಿಸ್ ಅನ್ನುವ ಎಂಪಿ ಖಾಸಗಿ ಮಸೂದೆ ತಂದರು. ಸಿ-355 ಅಂತ ಅದರ ಹೆಸರು. ಕಸಾಯಿಖಾನೆಗೆ ಅಂತ ಕುದುರೆಗಳನ್ನು ವಿಮಾನದಲ್ಲಿ ಹೊರದೇಶಕ್ಕೆ ಕಳಿಸುವಂತಿಲ್ಲ ಅನ್ನೋದು ಅದರ ತಿರುಳು. ಕುದುರೆ ಹತ್ತಿಸುವ ಮೊದಲು "ಇವು ಮಾಂಸಕ್ಕಲ್ಲ" ಅಂತ ಬರೆದು ಸಹಿ ಹಾಕಿಕೊಡಬೇಕಿತ್ತು. 2024ರ ಮೇ ತಿಂಗಳಲ್ಲಿ ಕೆಳಮನೆ ಪಾಸ್ ಮಾಡಿತು. ನಿಮ್ಮ ಆಫೀಸಿನವರು ಕೇಳಿದ್ದು ಇದೇ ಸುದ್ದಿ.

ಆದರೆ ಮೇಲ್ಮನೆಯಾದ ಸೆನೆಟ್ಟಿನಲ್ಲಿ ಅದು ಪಾಸಾಗಲೇ ಇಲ್ಲ. 2025ರ ಮಾರ್ಚಿನಲ್ಲಿ ಸಂಸತ್ತು ವಿಸರ್ಜನೆಯಾಯಿತು, ಮಸೂದೆಯೂ ಬಿದ್ದುಹೋಯಿತು. ನಮ್ಮಲ್ಲೂ ಲೋಕಸಭೆ ಪಾಸ್ ಮಾಡಿ ರಾಜ್ಯಸಭೆಯಲ್ಲಿ ಬಾಕಿ ಉಳಿದ ಮಸೂದೆಗೆ ಹೀಗೇ ಆಗುತ್ತದಲ್ವಾ? ಅಂದರೆ ಆ ಮಸೂದೆ ಕಾನೂನಾಗಲಿಲ್ಲ. ಮತ್ತೆ ಮೊದಲಿಂದ ಶುರುವಾಗಬೇಕು.

ವಿನ್ನಿಪೆಗ್ ಗೌಡ್ರು:
ರಾಯರು ಕಾನೂನು ಹೇಳಿದರು. ನಾನು ಕಣ್ಣಾರೆ ಕಂಡದ್ದನ್ನು ಹೇಳುತ್ತೇನೆ. ಈ ದೇಶಕ್ಕೆ ಬಂದ ಹೊಸದರಲ್ಲಿ ಒಂದು ಕಾರ್ಗೋ ಕಂಪನಿಯಲ್ಲಿ ರಾತ್ರಿ ಪಾಳಿ ಮಾಡುತ್ತಿದ್ದೆ.

ಕುದುರೆಗಳು ಟ್ರಕ್ಕಿನಲ್ಲಿ ಬರುತ್ತವೆ. ಅವನ್ನು ಇಳಿಸಿ ಪ್ಲೈವುಡ್ಡಿನ ಪೆಟ್ಟಿಗೆಗೆ ನುಗ್ಗಿಸುತ್ತಾರೆ. ಒಂದೊಂದು ಪೆಟ್ಟಿಗೆಯಲ್ಲಿ ಮೂರೋ ನಾಲ್ಕೋ ಕುದುರೆ. ಮೇಲೆ ಬಲೆ, ಕೆಳಗೆ ಮರದ ಹೊಟ್ಟು. ಇವೆಲ್ಲ ಉಳುವುದಕ್ಕೆ, ಭಾರ ಎಳೆಯುವುದಕ್ಕೆ ಅಂತ ಬೆಳೆದುಬಂದ ಜಾತಿಗಳು. ಪರ್ಶೆರಾನ್, ಬೆಲ್ಜಿಯನ್, ಕ್ಲೈಡ್ಸ್‌ಡೇಲ್, ಇವುಗಳ ಬೆರಕೆ. ತಲೆ ಎತ್ತಿದರೆ ಕಿವಿ ಬಲೆಗೆ ತಾಗುತ್ತದೆ. ನಡುವಿನದಕ್ಕೆ ಕತ್ತು ತಿರುಗಿಸಲೂ ಜಾಗವಿಲ್ಲ. ಮೈ ಕೊರೆಯುವ ಚಳಿ, ಮೂಗಿನ ಹೊಳ್ಳೆಯಿಂದ ಹಬೆ. ಲೋಡರ್ ಪೆಟ್ಟಿಗೆಯನ್ನು ಎತ್ತುವಾಗ ಒಂದು ಸಲ ಕುಲುಕುತ್ತದೆ ನೋಡಿ, ಆಗ ಎಲ್ಲ ಗೊರಸೂ ಒಟ್ಟಿಗೆ ಹಲಗೆಗೆ ಬಡಿಯುತ್ತವೆ. ಆ ಸದ್ದು ಕೇಳಿದವನು ಮರೆಯೋದಿಲ್ಲ. ಬೇಲಿಯ ಆಚೆ ನಾಲ್ಕಾರು ಜನ ಕ್ಯಾಮೆರಾ ಹಿಡಿದು ನಿಂತಿರುತ್ತಿದ್ದರು. ಹೊರಗಿನವರಿಗೆ ಈ ವಿಷಯ ಗೊತ್ತಾಗಿದ್ದೇ ಅಂಥವರಿಂದ.

ನಿಯಮದ ಪ್ರಕಾರ ಮೇವು, ನೀರು, ವಿಶ್ರಾಂತಿ ಇಲ್ಲದೆ ಕುದುರೆಯನ್ನು 28 ಗಂಟೆವರೆಗೆ ಇಡಬಹುದು. 2020ಕ್ಕೆ ಮೊದಲು 36 ಗಂಟೆ ಇತ್ತು. ಲೆಕ್ಕ ಶುರುವಾಗೋದು ವಿಮಾನ ಹಾರಿದಾಗ ಅಲ್ಲ, ಕೊನೆಯ ಸಲ ಮೇವು ನೀರು ಸಿಕ್ಕಿದಾಗ. ಟ್ರಕ್ಕಿನ ದಾರಿ, ಕಾಯುವ ಹೊತ್ತು, ಹತ್ತಿಸುವ ಹೊತ್ತು, ಅಲಾಸ್ಕಾದ ಆಂಕರೇಜ್‌ನಲ್ಲಿ ಇಂಧನಕ್ಕೆ ನಿಲ್ಲೋದು, ಜಪಾನಿನಲ್ಲಿ ಇಳಿಸೋದು, ಎಲ್ಲ ಅದರೊಳಗೇ ಬರಬೇಕು. 2022ರ ಡಿಸೆಂಬರಿನಲ್ಲಿ ವಿನ್ನಿಪೆಗ್‌ನಿಂದ ಹೊರಟ ಒಂದು ವಿಮಾನ ಹಿಮಗಾಳಿಗೆ ಸಿಕ್ಕಿ ತಡವಾಯಿತು, 28 ಗಂಟೆ ಮೀರಿತು. ಒಂದು ಪ್ರಾಣಿ ಸಂಘಟನೆಯವರೇ ಕೋರ್ಟಿಗೆ ಹೋದರು. ಸರ್ಕಾರಿ ವಕೀಲರು ಆ ಕೇಸನ್ನು ಕೈಗೆ ತೆಗೆದುಕೊಂಡು ಅಲ್ಲಿಗೇ ನಿಲ್ಲಿಸಿಬಿಟ್ಟರು.

2013ರಿಂದ ಮುಂದಿನ ಹತ್ತು ವರ್ಷಗಳಲ್ಲೇ ಹೀಗೆ ಹೋದವು 40,000ಕ್ಕೂ ಜಾಸ್ತಿ. ಅಲ್ಲಿಗೆ ಇಳಿದ ಮೇಲೂ ಮುಗಿಯೋದಿಲ್ಲ. ಕೆಲವು ತಿಂಗಳು ಕಟ್ಟಿಹಾಕಿ, ತಿನ್ನಿಸಿ ಕೊಬ್ಬಿಸುತ್ತಾರೆ. ಆಮೇಲೆ ಕಡಿಯುತ್ತಾರೆ. ಕುಮಾಮೊಟೊ ಕಡೆ ತೆಳ್ಳಗೆ ಹೆಚ್ಚಿ ಹಸಿಯಾಗೇ ತಿನ್ನುತ್ತಾರೆ, ಬಸಾಶಿ ಅಂತ.

ಮೈಸೂರು ಹುಡುಗ:
ಗೌಡ್ರೇ, ಬೇಜಾರಾಗಬೇಡಿ, ಒಂದು ಮಾತು ಕೇಳುತ್ತೇನೆ. ನಾನು ಭಾನುವಾರ ಮಟನ್ ತಿನ್ನುವವನು. ಜಪಾನಿನವರು ಅವರ ಊಟ ಅವರು ತಿನ್ನುತ್ತಾರೆ. ಕುದುರೆ ಮೇಲೆ ಮಾತ್ರ ಯಾಕೆ ಇಷ್ಟು ಕನಿಕರ? ಕೆನಡಾದಲ್ಲೇ ಕುದುರೆ ಕಸಾಯಿಖಾನೆ ಇದೆ, ಕ್ವಿಬೆಕ್‌ನಲ್ಲಿ ಅಂಗಡಿಯಲ್ಲೇ ಮಾಂಸ ಸಿಗುತ್ತದೆ ಅಂತ ಓದಿದ್ದೇನೆ. ವಿಮಾನ ನಿಲ್ಲಿಸಿದರೆ ಅವು ಇಲ್ಲೇ ಸಾಯುತ್ತವೆ, ಅಷ್ಟೇ ಅಲ್ವಾ?

ವಿನ್ನಿಪೆಗ್ ಗೌಡ್ರು:
ಬೇಜಾರೇನಿಲ್ಲ ತಮ್ಮಾ. ನಾನೂ ಮಂಡ್ಯದವನು, ನಮ್ಮ ಮನೆಯಲ್ಲೂ ಕುರಿ ಕುಯ್ಯುತ್ತಾರೆ. ಜಪಾನಿನವರ ಊಟಕ್ಕೆ ಹೆಸರಿಡುವ ಹಕ್ಕು ನನಗಿಲ್ಲ, ಇಡುವುದೂ ಇಲ್ಲ. ನನ್ನ ತಕರಾರು ಆ ದಾರಿಯ ಬಗ್ಗೆ. ಕುದುರೆ ಬೆದರುವ ಪ್ರಾಣಿ. ಹೆದರಿದರೆ ಓಡೋದು ಅದರ ರಕ್ತದಲ್ಲೇ ಇದೆ. ಅಂಥದ್ದನ್ನು ಓಡಲಾಗದ ಪೆಟ್ಟಿಗೆಯಲ್ಲಿಟ್ಟು ಇಷ್ಟು ಹೊತ್ತು ಹಸಿವು ಬಾಯಾರಿಕೆಯಲ್ಲಿ ಸಾಗಿಸೋದು, ಅದೂ ಸಾಯಿಸೋದಕ್ಕೆ ಅಂತ! ರೇಸಿನ ಕುದುರೆಯೂ ವಿಮಾನದಲ್ಲಿ ಹೋಗುತ್ತದೆ, ನಿಜ. ಅದಕ್ಕೆ ಸ್ವಂತ ಜಾಗ ಇರುತ್ತದೆ, ಜೊತೆಗೆ ನೋಡಿಕೊಳ್ಳುವ ಹುಡುಗ ಇರುತ್ತಾನೆ, ಮುಂದೆ ಹುಲ್ಲು ನೇತುಹಾಕಿರುತ್ತಾರೆ.

ನಿನ್ನ ಕೊನೆಯ ಪ್ರಶ್ನೆ ಮಾತ್ರ ಗಟ್ಟಿ. ಅದಕ್ಕೆ ಉತ್ತರ ಬೇಕಾದರೆ ಅಮೆರಿಕವನ್ನು ನೋಡು. ಅಲ್ಲಿನ ಕೊನೆಯ ಕುದುರೆ ಕಸಾಯಿಖಾನೆಗಳು ಟೆಕ್ಸಸ್, ಇಲಿನಾಯ್‌ನಲ್ಲಿ 2007ರಲ್ಲಿ ಮುಚ್ಚಿದವು. ಎಲ್ಲರೂ ಗೆದ್ದೆವು ಅಂದುಕೊಂಡರು. ಆದರೆ ರಫ್ತು ನಿಲ್ಲಿಸುವ ಕಾನೂನು ಮಾಡಲಿಲ್ಲ. ಅದೇ ಕುದುರೆಗಳನ್ನು ಟ್ರಕ್ಕಿಗೆ ತುಂಬಿ ಮೆಕ್ಸಿಕೋಗೆ, ಇಲ್ಲಿ ಕೆನಡಾಗೆ ಕಳಿಸಿದರು. ದಾರಿ ಇನ್ನೂ ಉದ್ದವಾಯಿತು. ಒಂದು ಬಾಗಿಲು ಮುಚ್ಚಿದರೆ ಪಕ್ಕದ್ದನ್ನೂ ನೋಡಬೇಕು. ಸಿ-355 ಕೂಡ ವಿಮಾನದ ಮಾತು ಮಾತ್ರ ಆಡಿತ್ತು, ರಸ್ತೆಯ ಸುದ್ದಿಗೇ ಹೋಗಿರಲಿಲ್ಲ. ಹಾಗಿದ್ದರೂ ನಾನು ಅದರ ಪರ. ವಿಮಾನವೇ ಇಲ್ಲ ಅಂದರೆ ಜಪಾನಿಗಾಗಿ ಮರಿ ಹಾಕಿಸಿ ಸಾಕುವ ಫಾರ್ಮುಗಳಿಗೆ ಕೆಲಸವಿಲ್ಲ. ಇವು ಯಾರೋ ಬೇಡ ಅಂತ ಬಿಟ್ಟ ಮುದಿ ಕುದುರೆಗಳಲ್ಲ ತಮ್ಮಾ. ಹೆಚ್ಚಿನವು ಇದಕ್ಕೇ ಅಂತ ಸಾಕಿದ ಎಳೆಯವು.

ಲಂಡನ್ ಮೇಷ್ಟ್ರು:
ಬ್ರಿಟನ್ನಿನ ಕಥೆಯನ್ನೂ ಸೇರಿಸುತ್ತೇನೆ. 1911ರಲ್ಲಿ ಏಡಾ ಕೋಲ್ ಅನ್ನುವ ಹೆಂಗಸು ಬೆಲ್ಜಿಯಂನ ಆಂಟ್‌ವರ್ಪ್ ಬಂದರಿನಲ್ಲಿದ್ದರು. ಬ್ರಿಟನ್ನಿನಿಂದ ಬಂದ ಮುದಿ ದುಡಿಮೆ ಕುದುರೆಗಳನ್ನು ಹಡಗಿನಿಂದ ಇಳಿಸಿ ಕಸಾಯಿಖಾನೆಗೆ ಹೊಡೆಯುತ್ತಿದ್ದುದನ್ನು ಕಂಡರು. 1927ರಲ್ಲಿ ಒಂದು ಸಂಘ ಕಟ್ಟಿದರು. ಈಗ ಅದಕ್ಕೆ ವರ್ಲ್ಡ್ ಹಾರ್ಸ್ ವೆಲ್ಫೇರ್ ಅಂತ ಹೆಸರು. 1937ರಲ್ಲಿ ಕುದುರೆ ರಫ್ತಿಗೆ ಕಡಿವಾಣ ಹಾಕುವ ಕಾನೂನು ಬಂತು. ಪೂರ್ತಿ ನಿಷೇಧದ ಕಾನೂನಿಗೆ ಒಪ್ಪಿಗೆ ಸಿಕ್ಕಿದ್ದು 2024ರ ಮೇ 20ರಂದು. ಕುದುರೆ ಮಾತ್ರ ಅಲ್ಲ, ದನ, ಕುರಿ, ಮೇಕೆ, ಹಂದಿ ಯಾವುದನ್ನೂ ಗ್ರೇಟ್ ಬ್ರಿಟನ್ನಿನಿಂದ ಕಡಿಯೋದಕ್ಕೆ ಅಥವಾ ಕೊಬ್ಬಿಸೋದಕ್ಕೆ ಜೀವಂತ ಕಳಿಸುವಂತಿಲ್ಲ. ಮೈಸೂರು ಹುಡುಗ ಗಮನಿಸಲಿ, ಇಲ್ಲಿ ಕುರಿಗೂ ಪಾಲು ಸಿಕ್ಕಿದೆ.

ಮೈಸೂರು ಹುಡುಗ:
ಕುರಿಯನ್ನೂ ಸೇರಿಸಿದ್ದಾರೆ ಅಂದರೆ ನನ್ನ ತಕರಾರು ಅರ್ಧ ಹೋಯಿತು ಮೇಷ್ಟ್ರೇ. ಊಟದ ಪ್ರಶ್ನೆ ಬೇರೆ, ದಾರಿಯ ಪ್ರಶ್ನೆ ಬೇರೆ ಅನ್ನೋದನ್ನು ಒಪ್ಪುತ್ತೇನೆ.

ಒಟ್ಟಾವಾ ರಾಯರು:
ಅಕ್ಕ, ನಿಮ್ಮ ಎರಡನೇ ಪ್ರಶ್ನೆ ಹಾಗೇ ಉಳಿದಿತ್ತು. ಮತ ಇಲ್ಲದಿದ್ದರೂ ದಾರಿ ಇದೆ. ಸಂಸತ್ತಿನ ಇ-ಅರ್ಜಿಗೆ ಕೆನಡಾದಲ್ಲಿ ವಾಸವಿರುವ ಯಾರು ಬೇಕಾದರೂ ಸಹಿ ಹಾಕಬಹುದು, ಪೌರತ್ವ ಬೇಕಿಲ್ಲ. 500 ಸಹಿ ದಾಟಿದರೆ ಎಂಪಿ ಅದನ್ನು ಸದನದಲ್ಲಿ ಮಂಡಿಸಬಹುದು. ಮಂಡಿಸಿದ 45 ದಿನದೊಳಗೆ ಸರ್ಕಾರ ಉತ್ತರ ಕೊಡಬೇಕು. ಗಾಯಕಿ ಜಾನ್ ಆರ್ಡನ್ ಬೆಂಬಲಕ್ಕೆ ನಿಂತ ಅರ್ಜಿಗೆ 70,000ಕ್ಕೂ ಜಾಸ್ತಿ ಸಹಿ ಬಿದ್ದಿದ್ದವು. 2021ರ ಆ ಮಾತು ಹುಟ್ಟಿದ್ದಕ್ಕೆ ಅಂಥ ಒತ್ತಡವೂ ಕಾರಣ.

ಇ-ಮೇಲ್‌ಗಿಂತ ಕಾಗದ ಬರೆಯಿರಿ ಅನ್ನುತ್ತೇನೆ. ಎಂಪಿಯ ಒಟ್ಟಾವಾ ವಿಳಾಸಕ್ಕೆ ಅಂಚೆಚೀಟಿಯೂ ಬೇಡ. ನಿಮ್ಮ ಕ್ಷೇತ್ರದವರು 2024ರಲ್ಲೂ ಎಂಪಿ ಆಗಿದ್ದರೆ ಯಾವ ಕಡೆ ಮತ ಹಾಕಿದ್ದರು ಅಂತ ಸದನದ ವೆಬ್‌ಸೈಟಿನಲ್ಲಿ ಸಿಗುತ್ತದೆ. ಮೊದಲು ಅದನ್ನು ನೋಡಿಕೊಂಡು ಬರೆಯಿರಿ. ಸೆನೆಟರುಗಳಿಗೂ ಒಂದು ಪ್ರತಿ ಕಳಿಸಿ. ಕಳೆದ ಸಲ ಸಿಕ್ಕಿಬಿದ್ದದ್ದು ಅಲ್ಲೇ.

ಕ್ಯಾಲ್ಗರಿ ಅಕ್ಕ:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಗೌಡ್ರೇ, ನೀವು ಬರೆದದ್ದನ್ನು ಮಗಳಿಗೆ ಪೂರ್ತಿ ಓದಿ ಹೇಳಲಾಗಲಿಲ್ಲ, ಯಜಮಾನರಿಗೆ ಹೇಳಿದೆ.

ಕಾಗದ ಶುರು ಮಾಡಿದ್ದೇನೆ. ಎರಡೇ ಬೇಡಿಕೆ ಇಡುತ್ತೇನೆ. ಸಿ-355ರಂಥ ಮಸೂದೆ ಮತ್ತೆ ಬರಲಿ, ಈ ಸಲ ಟ್ರಕ್ಕಿನ ದಾರಿಯೂ ಅದರಲ್ಲಿ ಸೇರಲಿ. ಮತ್ತೆ, ಅದು ಪಾಸಾಗುವವರೆಗೆ ಆ 28 ಗಂಟೆಯನ್ನು ಕಮ್ಮಿ ಮಾಡಲಿ. ರಾಯರೇ, ಇಂಗ್ಲಿಷ್ ಕರಡನ್ನು ನಾಳೆ ನಿಮಗೆ ಮೆಸೇಜ್ ಮಾಡುತ್ತೇನೆ, ಒಂದು ಸಲ ತಿದ್ದಿಕೊಡಿ. ಆಲ್ಬರ್ಟಾ, ಮ್ಯಾನಿಟೋಬಾದಲ್ಲಿರುವ ಕನ್ನಡದವರು ಯಾರಾದರೂ ಜೊತೆಗೆ ಸಹಿ ಹಾಕುವುದಾದರೆ ಇಲ್ಲೇ ತಿಳಿಸಿ.