ಪದಚರ್ಚೆ: ನೈಟ್‌ಗೆ ಬಂಟ, ಕ್ಯಾಸಲ್‌ಗೆ ವಾಡೆ – ನಡೆಯುತ್ತಾ?

ಎಲ್ಲರಿಗೂ ನಮಸ್ಕಾರ.

ಗಂಗಾವತಿಯಿಂದ ಬರೆಯುತ್ತಿದ್ದೇನೆ. ಆನೆಗೊಂದಿ ರಸ್ತೆಯ ಒಂದು ಹಳ್ಳಿಯ ಲೈಬ್ರರಿಯಲ್ಲಿ ಭಾನುವಾರ ಬೆಳಿಗ್ಗೆ ಮಕ್ಕಳಿಗೆ ಕತೆ ಓದಿ ಹೇಳುತ್ತೇನೆ. ಬೋರ್ಡಿನ ಮೇಲೆ ಈಗ ಅರಿವು ಕೇಂದ್ರ ಅಂತಿದೆ, ಊರವರ ಬಾಯಲ್ಲಿ ಇನ್ನೂ ಲೈಬ್ರರಿಯೇ. ಬರುವವರು ಆರು, ಏಳು, ಎಂಟನೇ ಕ್ಲಾಸಿನವರು. ಈ ವಯಸ್ಸಿನವರಿಗೆ ಕಾಗಕ್ಕ ಗುಬ್ಬಕ್ಕ ಸಾಕಾಗಿರುತ್ತದೆ, ದೊಡ್ಡವರ ಕಾದಂಬರಿ ಇನ್ನೂ ತಲೆಗೆ ಹತ್ತುವುದಿಲ್ಲ. ಕುದುರೆ, ಕತ್ತಿ, ಮಂತ್ರ ಇದ್ದರೆ ಮಾತ್ರ ಅಲುಗಾಡದೆ ಕೂರುತ್ತಾರೆ. ಅದಕ್ಕೇ ಅಂಥದ್ದೊಂದು ಉದ್ದದ ಕತೆಯನ್ನು ನಾನೇ ಬರೆಯುತ್ತಿದ್ದೇನೆ. 12ನೇ ಶತಮಾನದ ಇಂಗ್ಲೆಂಡು, ಒಬ್ಬ ಹುಡುಗ, ಒಂದು ಡ್ರ್ಯಾಗನ್. 14 ಅಧ್ಯಾಯ ಮುಗಿದಿವೆ. ಕತೆ ಹೇಗೋ ಸಾಗುತ್ತಿದೆ, ಪದಗಳೇ ಕಾಲು ಹಿಡಿದು ಎಳೆಯುತ್ತಿವೆ. ಬಲ್ಲವರು ನಾಲ್ಕು ಮಾತು ಹೇಳಬೇಕು.

ಮೊದಲು ಪೆಟ್ಟು ತಿಂದದ್ದು ನೈಟ್, ಅಂದರೆ ದೊರೆಗಾಗಿ ಕುದುರೆ ಏರಿ ಕಾದುವ ಅಲ್ಲಿನ ವೀರ. ಇಂಗ್ಲಿಷ್ ಪದವನ್ನೇ ಇಟ್ಟರಾಯಿತು ಅಂತ ಸುಮ್ನೆ ಹಾಗೇ ಬರೆದಿದ್ದೆ. "ನೈಟ್ ಕುದುರೆ ಏರಿ ಕಾಡಿನ ಕಡೆ ಹೊರಟ" ಅಂತ ಓದಿದೆ. ಹಿಂದಿನ ಸಾಲಿನಿಂದ ಒಂದು ಕೈ ಮೇಲೆದ್ದಿತು. "ಟೀಚರ್, ನೈಟ್ ಯಾಕ ಹೊಂಟ? ಹಗಲೊತ್ತು ಹೋಗಾಕ ಬರ್ತಿದ್ದಿಲ್ಲೇನ್ರೀ?" ಹುಡುಗನ ತಪ್ಪೇನೂ ಇಲ್ಲ. ಇಂಗ್ಲಿಷಿನಲ್ಲಿ ಸ್ಪೆಲಿಂಗ್ ನೋಡಿ ಎರಡನ್ನೂ ಬೇರೆ ಮಾಡಬಹುದು. ನಮ್ಮ ಅಕ್ಷರದಲ್ಲಿ ನೈಟ್ ಬಸ್ಸಿನ ನೈಟೂ ಇದೇ, ಕತ್ತಿ ಹಿಡಿದ ನೈಟೂ ಇದೇ.

ಹಾಗಾದರೆ ಕನ್ನಡದಲ್ಲಿ ಏನು? ಯೋಧ ಅಂದರೆ ಯಾರು ಬೇಕಾದರೂ ಆಗಬಹುದು, ಇವತ್ತಿನ ಗಡಿ ಕಾಯುವವನೂ ಯೋಧನೇ. ಸರದಾರ ಅಂದರೆ ಗತ್ತು ಇದೆ, ಆದರೆ ಅವನ ಮೇಲೆ ಇನ್ನೊಬ್ಬ ಒಡೆಯ ಇದ್ದಾನೆ ಅನ್ನಿಸುವುದಿಲ್ಲ. ರಾವುತ ನನಗೆ ಬಹಳ ಹಿಡಿಸಿತ್ತು. ಕುದುರೆ ಮೇಲೆ ಕೂತು ಕಾದುವವನು, ಹಳೆಯ ಕಾವ್ಯಗಳಲ್ಲಿ ಮಾವುತರ ಜೊತೆಜೊತೆಗೇ ಬರುತ್ತಾನೆ. ಫ್ರೆಂಚರ ಶೆವಾಲಿಯೇ, ಜರ್ಮನ್ನರ ರಿಟ್ಟರ್ ಎರಡೂ ಮೂಲದಲ್ಲಿ ಕುದುರೆ ಸವಾರನೇ. ಇಂಗ್ಲಿಷ್ ಪದ ಮಾತ್ರ ಬೇರೆ ದಾರಿಯಲ್ಲಿ ಬಂದಿದೆ. ಅದರ ಹಳೆಯ ಅರ್ಥ ಹುಡುಗ, ಆಳು. ಒಡೆಯನ ಹಿಂದೆ ನಿಂತ ಆಳು ಹೋಗ್ತಾ ಹೋಗ್ತಾ ವೀರನಾದ.

ಇದನ್ನು ತಿಳಿದ ದಿನವೇ ನನಗೆ ಬಂಟ ನೆನಪಾಗಿದ್ದು. ಸಂಸ್ಕೃತದ ಭಟ ನಮ್ಮಲ್ಲಿ ಬಂಟ ಆಗಿದೆ. ಬಂಟ ಅಂದರೆ ಸೇವಕ, ಬಂಟ ಅಂದರೆ ಶೂರ, ಎರಡೂ ಹೌದು. ಬಂಟತನ ಅಂದರೆ ಕೈಕಟ್ಟಿ ನಿಲ್ಲುವುದಲ್ಲ, ಎದೆಗಾರಿಕೆ. ಇಲ್ಲಿನ ಮಕ್ಕಳಿಗೆ ವಿವರಿಸಬೇಕಾಗಿಯೇ ಇಲ್ಲ. ಆಂಜನೇಯ ಹುಟ್ಟಿದ್ದು ಇಲ್ಲೇ ಅಂತ ಜನ ನಂಬುವ ಅಂಜನಾದ್ರಿ ಬೆಟ್ಟ ಲೈಬ್ರರಿಯ ಅಂಗಳದಿಂದ ಕಾಣುತ್ತದೆ. ರಾಮನ ಬಂಟ ಹನುಮ ಅಂದರೆ ಸಾಕು, ಒಡೆಯ, ಆಳು, ಶೂರತನ ಮೂರೂ ಒಟ್ಟಿಗೆ ಬಂದುಬಿಡುತ್ತವೆ.

ಒಂದೇ ಅಳುಕು. ಕರಾವಳಿಯ ಓದುಗರಿಗೆ ಬಂಟ ಅಂದ ಕೂಡಲೇ ಒಂದು ಸಮುದಾಯ ನೆನಪಾಗುತ್ತದೆ ಅಲ್ವಾ? "ಬಂಟರೆಲ್ಲ ದುಂಡು ಮೇಜಿನ ಸುತ್ತ ಕೂತರು" ಅಂತ ಬರೆದರೆ ಉಡುಪಿಯ ಮಗು ಏನಂದುಕೊಳ್ಳುತ್ತದೆ? ಆ ಕಡೆಯವರು ಮುಲಾಜಿಲ್ಲದೆ ಹೇಳಿ.

ಬಂಟ ಆಗುವ ಮುಂಚೆ ಹುಡುಗ ಊಳಿಗ ಮಾಡಬೇಕಿತ್ತು. 7 ವರ್ಷಕ್ಕೆ ದೊರೆಯ ಮನೆಗೆ ಸೇರುತ್ತಿದ್ದ, 14ರ ಹೊತ್ತಿಗೆ ಒಬ್ಬ ನೈಟ್‌ನ ಗುರಾಣಿ ಹೊರುವ ಸ್ಕ್ವೈರ್ ಆಗುತ್ತಿದ್ದ, 21ರ ಸುಮಾರಿಗೆ ತಾನೇ ನೈಟ್ ಆಗುತ್ತಿದ್ದ. ಹಡಪದವನು ಅಂತ ಮಾಡೋಣವೇ ಅಂತ ಒಮ್ಮೆ ಯೋಚಿಸಿದೆ. ಆದರೆ ಹಡಪದವನ ಕೈಯಲ್ಲಿ ಇರುವುದು ಎಲೆ ಅಡಿಕೆ ಚೀಲ, ಗುರಾಣಿಯಲ್ಲ. ಸದ್ಯಕ್ಕೆ ಗುರಾಣಿಹುಡುಗ ಅಂತ ಬರೆದಿದ್ದೇನೆ, ತೊಂದರೆ ಏನೂ ಆಗಿಲ್ಲ.

ಬಂಟ ತನ್ನ ದೊರೆಯ ಮುಂದೆ ಮಂಡಿಯೂರಿ ಇಡುವ ಆಣೆ ಇದೆಯಲ್ಲ, ಅದಕ್ಕೆ ನಿಷ್ಠೆ ಅನ್ನಲು ಮನಸ್ಸಿಲ್ಲ. ನಿಷ್ಠೆಯಲ್ಲಿ ಪಾಠದ ವಾಸನೆ ಇದೆ. ಹಳಗನ್ನಡದ ಕಾವ್ಯ, ಶಾಸನಗಳಲ್ಲಿ ಜೋಳವಾಳಿ ಅಂತ ಒಂದು ಪದ ಬರುತ್ತದೆ. ಯಾರ ಜೋಳ ತಿಂದೆನೋ ಅವನಿಗಾಗಿ ಸಾಯಲೂ ಸಿದ್ಧ ಅನ್ನುವ ಕಟ್ಟುಪಾಡು. ಸೇವೆಗೆ ಪ್ರತಿಯಾಗಿ ದೊರೆ ಕೊಡುವ ಭೂಮಿಗೆ ಉಂಬಳಿ ಅನ್ನಬಹುದು, ಅದು ನಮ್ಮ ಕಡೆ ಹೊಲದ ಕಾಗದಪತ್ರದ ಮಾತಿನಲ್ಲಿ ಇನ್ನೂ ಕೇಳಿಬರುತ್ತದೆ. ಉಂಬಳಿ ಕೊಟ್ಟ, ಜೋಳವಾಳಿ ಪಡೆದ. ಯುರೋಪಿನ ಆ ಇಡೀ ವ್ಯವಸ್ಥೆ ಎರಡು ಪದದಲ್ಲಿ ಬಂತು. ಖುಷಿಯಿಂದ ಓದಿದೆ. ಎಂಟನೇ ಕ್ಲಾಸಿನ ಒಬ್ಬಳು ಕೇಳಿದಳು, "ಇಂಗ್ಲೆಂಡಿನಾಗ ಜ್ವಾಳ ಬೆಳಿತಾರೇನ್ರೀ?"

ಬೆಳೆಯುವುದಿಲ್ಲ. ಆ ಕಾಲದಲ್ಲಿ ಅಲ್ಲಿನ ಬಡವರು ತಿನ್ನುತ್ತಿದ್ದದ್ದು ರೈ, ಬಾರ್ಲಿ, ಓಟ್ಸ್. ಮೈಸೂರಿನ ಕಡೆಯ ಮಗುವಿಗೆ ಜೋಳವಾಳಿ ಒಂದು ಹಳೆಯ ಪದ ಅಷ್ಟೇ, ಒಳಗಿನ ಜೋಳ ಕಾಣಿಸಲಿಕ್ಕಿಲ್ಲ. ದಿನಾ ರೊಟ್ಟಿ ತಿನ್ನುವ ನಮ್ಮ ಮಕ್ಕಳಿಗೆ ಮೊದಲು ಕಾಣುವುದೇ ಜೋಳ. ಉಪ್ಪಿನ ಋಣ ಅಂದರೆ ಈ ತಕರಾರು ಇಲ್ಲ, ಉಪ್ಪು ಎಲ್ಲ ಕಡೆಯೂ ಇದೆ. ಆದರೆ ಉಪ್ಪಿನ ಋಣ ಅಂದರೆ ಮನೆಯಾಳಿನ ಮಾತಾಯಿತು, ಕತ್ತಿ ಹಿಡಿದವನ ಆಣೆ ಆಗಲಿಲ್ಲ. ನಾನಿನ್ನೂ ಜೋಳವಾಳಿಯನ್ನು ಬಿಟ್ಟಿಲ್ಲ. ಬಿಡಬೇಕೇ?

ಇನ್ನು ಕ್ಯಾಸಲ್. ಕೋಟೆ ಅಂದರೆ ಮುಗಿಯಿತು ಅಂದುಕೊಂಡಿದ್ದೆ. ನಮ್ಮ ಸುತ್ತ ಕೋಟೆಗೇನು ಬರವೇ? ಆನೆಗೊಂದಿ, ಹೇಮಗುಡ್ಡ, ಕುಮಾರರಾಮನ ಕುಮ್ಮಟದುರ್ಗ, ಹೊಳೆಯಾಚೆ ಕಂಪ್ಲಿ. ತೊಡಕು ಇರುವುದೂ ಅಲ್ಲೇ. ಇಲ್ಲಿನ ಮಕ್ಕಳಿಗೆ ಕೋಟೆ ಅಂದರೆ ಊರನ್ನೇ ಸುತ್ತಿಕೊಂಡು ಗುಡ್ಡದಿಂದ ಗುಡ್ಡಕ್ಕೆ ಹತ್ತಿ ಹೋಗುವ ಕಲ್ಲುಗೋಡೆ. ಕ್ಯಾಸಲ್ ಹಾಗಲ್ಲ, ಅದು ಒಬ್ಬ ದೊರೆಯ ಮನೆ. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದರು. ಗೆದ್ದ ಮೇಲೆ ತಮ್ಮನ್ನು ಕಂಡರಾಗದ ಜನರ ನಡುವೆಯೇ ಬದುಕಬೇಕಲ್ಲ? ಮಣ್ಣಿನ ದಿಬ್ಬ ಎಬ್ಬಿಸಿ, ಮೇಲೆ ಮರದ ಗೋಪುರ ಕಟ್ಟಿ ಕೂತರು. ಕಲ್ಲಿನವು ಹೆಚ್ಚಿದ್ದು ಆಮೇಲೆ. ಒಳಗೆ ಹೆಂಡತಿ ಮಕ್ಕಳು, ಅಡುಗೆಮನೆ, ಕುದುರೆ ಲಾಯ. ಹೊರಗೆ ಯಾವಾಗ ಮೈಮೇಲೆ ಬೀಳುತ್ತಾರೋ ಅನ್ನುವ ಭಯ. ಕೋಟೆ ಅಂದರೆ ಮನೆ ಮರೆತುಹೋಗುತ್ತದೆ, ಅರಮನೆ ಅಂದರೆ ಭಯ ಮರೆತುಹೋಗುತ್ತದೆ.

ಇದನ್ನೆಲ್ಲ ನಮ್ಮತ್ತೆಯ ಮುಂದೆ ಹೇಳುತ್ತಿದ್ದೆ. ಅವರು ರೊಟ್ಟಿ ಬಡಿಯುತ್ತಿದ್ದರು, ಕೈ ನಿಲ್ಲಿಸಲೇ ಇಲ್ಲ. "ಯವ್ವಾ, ಒಬ್ಬನ ಮನಿ ಅಂದ್ಮ್ಯಾಲ ಕೋಟಿ ಹೆಂಗಾಗ್ತೈತಿ? ಅದು ವಾಡೆ."

ಅವರ ತವರು ಸಿಂಧನೂರು ಕಡೆ. ಅಲ್ಲೊಂದು ದೇಸಾಯರ ವಾಡೆ ಇತ್ತಂತೆ. ಮಂಚ ಹಾಕಿ ಮಲಗುವಷ್ಟು ದಪ್ಪದ ಗೋಡೆ. ಆನೆ ನುಗ್ಗದಂತೆ ಕಬ್ಬಿಣದ ಮೊಳೆ ಬಡಿದ ಎರಡಾಳೆತ್ತರದ ಕದ. ಆ ಕದವನ್ನು ಹಬ್ಬಕ್ಕೋ ಮದುವೆಗೋ ಮಾತ್ರ ತೆಗೆಯುತ್ತಿದ್ದರು. ದಿನದ ಓಡಾಟ ಕದದಲ್ಲೇ ಕೊರೆದ ಸಣ್ಣ ದಿಡ್ಡಿ ಬಾಗಿಲಿನಲ್ಲಿ. ಅದರೊಳಗೆ ಹೋಗಬೇಕಾದರೆ ಬಗ್ಗಲೇಬೇಕು, ತಲೆಯೇ ಮೊದಲು ಒಳಗೆ ಹೋಗುತ್ತದೆ. "ಕೆಟ್ಟ ಮನಸ್ಸಿನಾಂವ ಬಂದ್ರ ತಲಿನ ಮೊದಲ ಸಿಗ್ತಿತ್ತು" ಅಂತ ನಮ್ಮತ್ತೆ ರೊಟ್ಟಿ ತಿರುವಿ ಹಾಕಿದರು. ನನ್ನ ಕತೆಯ ಕ್ಯಾಸಲ್ ಇದಕ್ಕಿಂತ ಬೇರೆ ಏನು? ಎಲ್ಲಾ ಕೋಟೆಗಳನ್ನೂ ಹೊಡೆದು ವಾಡೆ ಅಂತ ತಿದ್ದಿದೆ.

ತಿದ್ದಿದ್ದನ್ನು ಮಂಡ್ಯದ ಗೆಳತಿಗೆ ಕಳಿಸಿದೆ. ಫೋನಿನಲ್ಲಿ ಐದು ನಿಮಿಷ ನಕ್ಕಳು. ಅವಳಿಗೆ ವಾಡೆ ಅಂದರೆ ರಾಗಿ ತುಂಬಿಡುವ ಮಣ್ಣಿನ ದೊಡ್ಡ ಗುಡಾಣ. "ನಿನ್ನ ದೊರೆ ಹೆಂಡ್ತಿ ಮಕ್ಕಳ ಜೊತೆ ಗುಡಾಣದೊಳಗೆ ಯಾಕೆ ಕೂತಿದ್ದಾನೆ?" ಅಂದಳು.

ವಾಡೆಯ ಭಾಗಗಳಿಗೂ ಇದೇ ಪಾಡು. ಊರ ಹೆಬ್ಬಾಗಿಲಿಗೆ ನಮ್ಮಲ್ಲಿ ಅಗಸಿ ಅನ್ನುತ್ತೇವೆ, ಕಾವಲಿನ ಗೋಪುರಕ್ಕೆ ಹುಡೇವು. ಎರಡೂ ಮಕ್ಕಳಿಗೆ ಗೊತ್ತು. ಕೋಟೆ ಕೊತ್ತಲ ಅಂತ ಜೋಡಿಯಾಗಿ ಎಲ್ಲರೂ ಹೇಳುತ್ತಾರೆ, ಕೊತ್ತಲ ಅಂದರೇನು ಅಂತ ಕೇಳಿದರೆ ಒಬ್ಬರೂ ಬಾಯಿ ಬಿಡಲಿಲ್ಲ. ಗೋಡೆಯ ತುದಿಯಲ್ಲಿ ಹಲ್ಲು ಹಲ್ಲಾಗಿ ಕಾಣುತ್ತದಲ್ಲ, ಅದಕ್ಕೆ ಹಳೆಯ ಪದ ತೆನೆ. ನಮ್ಮ ಮಕ್ಕಳಿಗೆ ತೆನೆ ಅಂದರೆ ಜೋಳದ ತೆನೆ. ಅದು ತೊಂದರೆ ಅಲ್ಲ, ಚಂದವೇ. ಸುತ್ತ ನೀರು ನಿಲ್ಲಿಸುವ ಹಳ್ಳಕ್ಕೆ ಅಗಳು ಅಂತ ಹಳಗನ್ನಡದಿಂದ ತಂದೆ, ಅಲ್ಲಿ ಕೆಟ್ಟೆ. ಭತ್ತದ ನಾಡು ಇದು, ಅಗಳು ಅಂದರೆ ಅನ್ನದ ಅಗಳು. "ಗ್ವಾಡಿ ಸುತ್ತ ಅನ್ನ ಯಾಕ ಚೆಲ್ಲಿದ್ರು?" ಅಂತ ಕೇಳಿದರು. (ಜೋಳವಾಳಿ, ಗುಡಾಣ, ತೆನೆ, ಅಗಳು... ಈ ಕತೆಯ ಪದಗಳೆಲ್ಲ ಯಾಕೋ ಊಟದ ಕಡೆಗೇ ಎಳೆಯುತ್ತವೆ.) ಕಂದಕಕ್ಕೆ ಮರಳಿದೆ. ಪೇಪರಿನಲ್ಲಿ ಬಸ್ಸು ಉರುಳುವುದು ಈ ಕಂದಕಕ್ಕೇ, ಆದರೂ ಪರವಾಗಿಲ್ಲ.

ಕಂದಕ ಅಂದಾಗ ನೆನಪಾಯಿತು. ರಾಯಚೂರು ಕೋಟೆಯ ಹೊರಗೋಡೆಯ ಬಾಗಿಲುಗಳಲ್ಲಿ ಒಂದು ಖಂದಕ್ ದರ್ವಾಜಾ, ಇನ್ನೊಂದು ದೊಡ್ಡಿ ದರ್ವಾಜಾ. ಈ ದೊಡ್ಡಿ ದನದ ದೊಡ್ಡಿಯೋ ಅಥವಾ ನಮ್ಮ ದಿಡ್ಡಿಯೇ ಹೀಗಾಯಿತೋ? ರಾಯಚೂರಿನವರು ಇದ್ದರೆ ಹಿರಿಯರನ್ನು ಕೇಳಿ ತಿಳಿಸಿ.

ಮಾಯಾಜಾಲದ ವಿಷಯಕ್ಕೆ ಬಂದರೆ ಕೇಳಬೇಕಾದ್ದು ಮಾಟದ ಬಗ್ಗೆ. ಆಡುವುದು ಆಟ, ನೋಡುವುದು ನೋಟ, ಮಾಡುವುದು ಮಾಟ. ಮೂಲದಲ್ಲಿ ಇಷ್ಟೇ. ಮಾಟವಾದ ಮೂಗು ಅಂತ ಹೊಗಳುವಾಗ ಹಳೆಯ ಅರ್ಥ ಇನ್ನೂ ಜೀವಂತ. ಆದರೆ ಮಾಟಗಾರ ಅಂದ ಕೂಡಲೇ ಹುಡುಗನೊಬ್ಬನ ತಾಯಿ ಬಾಗಿಲಲ್ಲಿ ಬಂದು ನಿಂತರು. "ಅಕ್ಕಾರ, ಹುಡುಗ್ರಿಗೆ ಮಾಟದ ಕತಿ ಬ್ಯಾಡ್ರಿ." ಅವರನ್ನು ನೋಡಿ ನಗಲು ಆಗುವುದಿಲ್ಲ. ಮಾಟ ಮಾಡಿಸಿದಳು ಅನ್ನುವ ಮಾತಿಗೆ ಹೆಂಗಸರು ಏಟು ತಿಂದ ಊರುಗಳಿವೆ. ಅಂಥ ಅಮಾನವೀಯ ಆಚರಣೆ ತಡೆಯಲೆಂದೇ ರಾಜ್ಯದಲ್ಲಿ 2017ರ ಕಾಯ್ದೆ ಬಂದಿದೆ. ನನ್ನ ಕತೆಯ ಮುದುಕ ಗಡ್ಡ ಸುಟ್ಟುಕೊಳ್ಳುವ, ಮರೆಗುಳಿ, ಒಳ್ಳೆಯವನು. ಅವನಿಗೆ ಮೋಡಿಗಾರ ಅಂತ ಹೆಸರಿಟ್ಟೆ. ಮೋಡಿಯಲ್ಲಿ ಸೋಜಿಗ ಇದೆ, ಕೇಡಿಲ್ಲ. ಹಬ್ಬದ ದಿನ ಮೋಡಿ ಆಟ ಅಂತ ಆಡುತ್ತಿದ್ದರಂತೆ. ಒಬ್ಬ ಏನನ್ನೋ ಇಟ್ಟು ಕಟ್ಟು ಹಾಕುವುದು, ಇನ್ನೊಬ್ಬ ಪುಂಗಿ ಊದುತ್ತಾ ಬಂದು ಅದನ್ನು ಎತ್ತಲು ನೋಡುವುದು. ಇಬ್ಬರು ಮಂತ್ರಗಾರರ ಕಾಳಗ ಬರೆಯಲು ಇದಕ್ಕಿಂತ ಇನ್ನೇನು ಬೇಕು? ಹೆಣ್ಣಿಗೆ ಮೋಡಿಗಾತಿ ಅಂದಿದ್ದೇನೆ. ಕಿವಿಗೆ ಹೇಗಿದೆ, ನೋಡಿ.

ಡ್ರ್ಯಾಗನ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಕನ್ನಡ ಬೈಬಲ್ಲಿನಲ್ಲಿ ಘಟಸರ್ಪ ಇದೆ, ಒಳ್ಳೆಯ ಪದ, ಆದರೆ ನನ್ನದಕ್ಕೆ ರೆಕ್ಕೆಯೂ ಕಾಲೂ ಇವೆ. ಮಕ್ಕಳಿಗೆ ಡ್ರ್ಯಾಗನ್ ಗೊತ್ತು, ಕೆಲವರಿಗೆ ತಳ್ಳುಗಾಡಿಯ ಹಣ್ಣಾಗಿ. ಹಾಗೇ ಬಿಟ್ಟಿದ್ದೇನೆ.

ನಿಜವಾಗಿ ನಿದ್ದೆ ಕೆಡಿಸಿದ್ದು ಕಂದಕದ ಮೇಲಿನ ಸೇತುವೆ. ಸರಪಳಿ ಎಳೆದರೆ ಮೇಲಕ್ಕೇಳುತ್ತದಲ್ಲ, ಅದು. ಮೊದಲು ಎತ್ತುಸೇತುವೆ ಅಂತ ಬರೆದೆ. ಚಿತ್ರ ಬರೆಯಿರಿ ಅಂದರೆ ಆರನೇ ಕ್ಲಾಸಿನ ಒಬ್ಬ ಸೇತುವೆ ಬರೆದು ಮೇಲೆ ಎರಡು ಎತ್ತು ನಿಲ್ಲಿಸಿದ. ಕೊಂಬಿಗೆ ಬಣ್ಣ, ಕೊರಳಿಗೆ ಗೆಜ್ಜೆಸರ, ಏನೂ ಬಿಟ್ಟಿರಲಿಲ್ಲ. ಸರಿ, ಮುಂದಿನ ವಾರ ಏಳುಸೇತುವೆ ಅಂತ ಮಾಡಿಕೊಂಡು ಹೋದೆ. "ಉಳಿದ ಆರು ಎಲ್ಲದಾವ್ರೀ?" ಅಂದರು. ತೂಗುಸೇತುವೆ ಬೇರೆಯೇ. ಮಡಚುಸೇತುವೆ ಅಂದರೆ ಕಬ್ಬಿಣದ ಕುರ್ಚಿಯ ನೆನಪು.

ಕೊನೆಗೆ ಬೋರ್ಡಿನ ಮೇಲೆ ಚಿತ್ರ ಬರೆದು ತೋರಿಸಿದೆ. ಕೆಳಗಿದ್ದಾಗ ದಾಟುವ ಹಲಗೆ, ಮೇಲೆ ಎಳೆದಾಗ ಅದೇ ಹಲಗೆ ಬಾಗಿಲಿಗೆ ಅಡ್ಡ. ಎತ್ತು ಬರೆದಿದ್ದ ಹುಡುಗನೇ ಸ್ವಲ್ಪ ಹೊತ್ತು ನೋಡಿ ಅಂದ, "ಹಾಕಿದ್ರ ಕದ, ತಗದ್ರ ಸೇತುವಿ." ಒಗಟಿನ ಹಾಗೆ. ಉಳಿದವರು ಅದನ್ನೇ ಹಾಡಿಕೊಂಡು ಮನೆಗೆ ಹೋದರು.

ಅಲ್ಲಿಂದ ಕದಸೇತುವೆ ಅಂತ ಬರೆಯುತ್ತಿದ್ದೇನೆ. ಕದ ಕನ್ನಡದ್ದು, ಸೇತುವೆ ಸಂಸ್ಕೃತದಿಂದ ಬಂದದ್ದು, ಅರಿಸಮಾಸ ಆಯಿತು ಅಂತ ಯಾರಾದರೂ ಹೇಳುತ್ತಾರೆ ಅಂತ ಗೊತ್ತು. ಸೇತು ನಮ್ಮ ಬಾಯಿಗೆ ಬಂದು ಸೇತುವೆ ಆಗಿ ಎಷ್ಟೋ ಕಾಲವಾಯಿತು ಅನ್ನುವುದು ನನ್ನ ವಾದ. ಮಲೆನಾಡಿನವರು ಕದಸಂಕ ಅನ್ನಬಹುದು, ಆದರೆ ಇಲ್ಲಿ ಸಂಕ ಯಾರಿಗೂ ಗೊತ್ತಿಲ್ಲ. ಇದಕ್ಕೆ ಮೊದಲೇ ಯಾರಾದರೂ ಪದ ಮಾಡಿ ಬಳಸಿದ್ದರೆ ತಿಳಿಸಿ, ಅದನ್ನೇ ಇಟ್ಟುಕೊಳ್ಳುತ್ತೇನೆ. ಬಂಟ, ಜೋಳವಾಳಿ, ವಾಡೆ ಬಗ್ಗೆಯೂ ನಿಮ್ಮ ನಿಮ್ಮ ಜಿಲ್ಲೆಯ ಮಕ್ಕಳ ಮುಂದೆ ಒಮ್ಮೆ ಓದಿ ನೋಡಿ, ಏನಂದರು ಅಂತ ಬರೆಯಿರಿ. ಶನಿವಾರದೊಳಗೆ ಆದರೆ ಒಳ್ಳೆಯದು. ಭಾನುವಾರ 15ನೇ ಅಧ್ಯಾಯ ಓದಬೇಕು, ಅದರಲ್ಲಿ ಗುರಾಣಿಹುಡುಗ ಆ ಸೇತುವೆಯ ಸರಪಳಿ ಕಡಿಯುತ್ತಾನೆ.