ವಿಕಿಪೀಡಿಯದಲ್ಲಿ ಹೆಸರಿಲ್ಲದೆ ಬರೆದವರು ಯಾರು? ನೆಟ್‌ವರ್ಕ್ ಇಂಜಿನಿಯರ್ ಜೊತೆ ಪ್ರಶ್ನೋತ್ತರ

ಸಾಗರದಿಂದ: ಮೇಡಂ, ಇಂಗ್ಲಿಷ್ ವಿಕಿಪೀಡಿಯದ ನಮ್ಮೂರ ಪುಟದಲ್ಲಿ 2024ರಲ್ಲಿ ಯಾರೋ ಲಾಗಿನ್ ಆಗದೆ ದೇವಸ್ಥಾನ ಕಮಿಟಿಯವರನ್ನು ಕಳ್ಳರು ಎಂದು ಬರೆದಿದ್ದಾರೆ. ಬರೆದವರ ಐಪಿ (ಇಂಟರ್ನೆಟ್ ಸಂಪರ್ಕದ ಸಂಖ್ಯೆ) ಸಿಕ್ಕಿದೆ, ಶಿವಮೊಗ್ಗ ತೋರಿಸುತ್ತದೆ. ಸಮಯ 20:10. ಆ ರಾತ್ರಿ ಎಂಟರ ಹೊತ್ತಿಗೆ ಊರಿನ ಒಬ್ಬ ಹುಡುಗ ಅಡಿಕೆ ಮಂಡಿ ಜಗಲಿಯಲ್ಲಿ ವೈಫೈ ಹಿಡಿದು ಕೂತಿದ್ದ. ಭಾನುವಾರ ಅವನ ಮನೆಗೆ ಹೋಗುತ್ತಿದ್ದೇವೆ.

ಉತ್ತರ: ದಯವಿಟ್ಟು ಹೋಗಬೇಡಿ. ಇಂಗ್ಲಿಷ್ ವಿಕಿಪೀಡಿಯ ತೋರಿಸುವುದು ನಮ್ಮ ಸಮಯವಲ್ಲ, ಯುಟಿಸಿ ಎಂಬ ಅಂತಾರಾಷ್ಟ್ರೀಯ ಪ್ರಮಾಣ ಸಮಯ. ಅದಕ್ಕೆ ಐದೂವರೆ ಗಂಟೆ ಸೇರಿಸಿ. 20:10 ಅಂದರೆ ನಮ್ಮಲ್ಲಿ ನಡುರಾತ್ರಿ ಕಳೆದು 1:40. ಆಗ ಮಂಡಿ ಜಗಲಿಯಲ್ಲಿ ಯಾರಿದ್ದರು? ಇನ್ನು ಆ 'ಶಿವಮೊಗ್ಗ' ಇಂಟರ್ನೆಟ್ ಕಂಪನಿಯ ಲೆಕ್ಕದ ಜಾಗ, ಬರೆದವನ ಮನೆಯಲ್ಲ. ಮೊಬೈಲ್ ಡೇಟಾ ಆದರೆ ಒಂದೇ ಐಪಿಯನ್ನು ಒಂದೇ ಹೊತ್ತಿಗೆ ನೂರಾರು ಜನ ಹಂಚಿಕೊಂಡಿರುತ್ತಾರೆ. 2005ರಲ್ಲಿ ಅಮೆರಿಕದ ಪತ್ರಕರ್ತ ಜಾನ್ ಸೀಗೆಂಥಾಲರ್ ಬಗ್ಗೆ ಸುಳ್ಳು ಬರೆದಾಗಲೂ ಐಪಿ ಹಿಡಿದು ಹೋದವರಿಗೆ ಸಿಕ್ಕಿದ್ದು ನ್ಯಾಶ್‌ವಿಲ್‌ನ ಒಂದು ಕಂಪನಿ. ವ್ಯಕ್ತಿ ಯಾರೆಂದು ಖಚಿತವಾಗಿದ್ದು ಅಲ್ಲಿನ ನೌಕರ ಒಪ್ಪಿಕೊಂಡ ಮೇಲೆ. ಮೊದಲು ಆ ಸಾಲು ತೆಗೆಯಿರಿ, ಆಧಾರವಿಲ್ಲ ಎಂದು ಚರ್ಚೆ ಪುಟದಲ್ಲಿ ಬರೆಯಿರಿ. ದೂರು ಕೊಡಲೇಬೇಕು ಅಂದರೆ ಆ ತಿದ್ದುಪಡಿಯ ಲಿಂಕ್ ಸಮೇತ ಪೊಲೀಸರ ಹತ್ತಿರ ಹೋಗಿ. ಆ ಐಪಿ ಯಾರ ಕೈಲಿತ್ತು ಎಂದು ಕಂಪನಿಯನ್ನು ಕೇಳುವ ಅಧಿಕಾರ ಅವರಿಗೆ, ಕೋರ್ಟಿಗೆ ಇದೆ. ನಮಗಿಲ್ಲ.

ತೀರ್ಥಹಳ್ಳಿಯಿಂದ: ಈ ಲಿಂಕಿಗೆ ಐಪಿ ಹಾಕಿದರೆ ಫೋನ್ ನಂಬರೇ ಬರುತ್ತದಂತೆ. ಫಾರ್ವರ್ಡ್ ಬಂದಿದೆ.

ಉತ್ತರ: ಬರಲ್ಲ. ನಿಮ್ಮ ಮಾಹಿತಿಯೇ ಆ ಲಿಂಕ್ ಮಾಡಿದವರಿಗೆ ಹೋಗಬಹುದು. ಲಿಂಕ್ ಅಳಿಸಿ.

ಭದ್ರಾವತಿಯಿಂದ: ಐಪಿಯಿಂದ ಮನೆ ವಿಳಾಸ ಸಿಗುತ್ತಾ?

ಉತ್ತರ: ಇಲ್ಲ. ಮೇಲೆ ಓದಿ.

ಶಿಕಾರಿಪುರದಿಂದ: ಈಗ ಐಪಿ ಕಾಣುವುದೇ ಇಲ್ವಲ್ಲ?

ಉತ್ತರ: 2025ರಿಂದ ಲಾಗಿನ್ ಆಗದೆ ಬರೆದರೆ ಐಪಿ ಬದಲು ತಾತ್ಕಾಲಿಕ ಖಾತೆಯ ಹೆಸರು ಬರುತ್ತದೆ. ಐಪಿ ಕೆಲವು ನಂಬಿಕಸ್ತ ಸದಸ್ಯರಿಗೆ ಮಾತ್ರ ಕಾಣುತ್ತದೆ. ಹಳೆಯವು ಹಾಗೇ ಇವೆ.

ಹೊಸನಗರದಿಂದ: ಹೆಸರು ಹಾಕದವನು ಹೇಡಿ. ಅಷ್ಟೇ.

ಸೊರಬದಿಂದ: ಮರಳು ಸಾಗಿಸುವವರ ಬಗ್ಗೆ ನೀವು ಹೆಸರು ಹಾಕಿ ಬರೆಯಿರಿ ನೋಡೋಣ. ನಿಮಗೆ ತೋಟ ಇದೆ, ಆಳು ಕಾಳು ಇದ್ದಾರೆ. ಆ ಹುಡುಗನಿಗೆ ಯಾರಿದ್ದಾರೆ?

ಹೊಸನಗರದಿಂದ: ಅವನ ಪರ ಇಷ್ಟು ಮಾತಾಡ್ತೀರಿ. ಬರೆದಿದ್ದು ನೀವೇ ಇರಬೇಕು.

ಸೊರಬದಿಂದ: ಬಾಯಿಗೆ ಬಂದಂತೆ ಹೇಳಬೇಡಿ. ಸಾಕ್ಷಿ ಕೊಡಿ.

ತೀರ್ಥಹಳ್ಳಿಯಿಂದ: ಕಾಗುಣಿತ ತಪ್ಪು, ಮಾತಿನ ಧಾಟಿ ನೋಡಿ ಹಿಡಿಯಬಹುದಾ ಮೇಡಂ?

ಭದ್ರಾವತಿಯಿಂದ: ಹಾಗಾದರೆ ಮನೆ ವಿಳಾಸ ಯಾವ ಆ್ಯಪಲ್ಲಿ ಸಿಗುತ್ತೆ?

ಉತ್ತರ: ಸಾಕು ಮಾಡಿ! ಇಲ್ಲಿ ಇನ್ನೊಬ್ಬರ ಮೇಲೆ ಅಪವಾದ ಹೊರಿಸುವುದಾದರೆ ನಾನು ಉತ್ತರಿಸುವುದಿಲ್ಲ. ಸಾಗರದವರೇ, ನೀವು ನನ್ನ ಉತ್ತರ ಓದಿ ಒಂದು ಗಂಟೆ ಆಯಿತು. ಭಾನುವಾರ ಹೋಗುತ್ತೀರೋ ಇಲ್ಲವೋ? ಅದೊಂದು ಹೇಳಿ.